ಹಿತ್ತಿಲ ಒಲೆಯ ಕಬ್ಬಿಣದ ಬಾಣಲೆ

ಸದಾಶಿವನಗರದ ನಮ್ಮ ಬೀದಿಯಲ್ಲಿ ಇಬ್ಬರು ಹುಡುಗಿಯರು ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಸೇರಿದ್ದಾರೆ. ಸಂಜೆ ಹೊತ್ತು ಬಂದು ನಮ್ಮ ಜಗಲಿಯಲ್ಲಿ ಕೂರುತ್ತಾರೆ. "ಆಂಟಿ, ನಿಮ್ ಕಾಲದಲ್ಲಿ ಮೆಷಿನ್ನೇ ಇರ್ಲಿಲ್ವಂತೆ, ಹೆಂಗ್ ಮಾಡ್ತಿದ್ರಿ?" ಎಂದು ಕೇಳುತ್ತಾರೆ. ನನಗೆ ಬಡ್ತಿ ಸಿಕ್ಕಿದ್ದು, ಬೀಳ್ಕೊಡುಗೆಯ ದಿನ ಶಾಲು ಹೊದಿಸಿದ್ದು ಇವೆಲ್ಲ ಹೇಳಿಕೊಳ್ಳುವಂಥ ವಿಷಯಗಳಲ್ಲ. ಆ ಶಾಲು ಬೀರುವಿನಲ್ಲಿ ನುಸಿಗುಳಿಗೆಯ ವಾಸನೆ ಕುಡಿಯುತ್ತಾ ಮಲಗಿದೆ, ಅದರ ಪಾಡಿಗೆ ಅದಿರಲಿ. ಈ ಮಕ್ಕಳಿಗೆ ಹೇಳಬೇಕಾದ್ದು ಬೇರೆ ಇದೆ. ಬಾಯಲ್ಲಿ ಹೇಳಲು ನನ್ನಿಂದಾಗದು, ಅದಕ್ಕೇ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದಲ್ಲಿ ನಾನು ತುಮಕೂರಿನ ಒಂದು ಸರ್ಕಾರಿ ಲ್ಯಾಬಿಗೆ ಸೇರಿದಾಗ ಹತ್ತಿರದ ಕೋರ ಹಳ್ಳಿಯಲ್ಲಿದ್ದ ನಮ್ಮಪ್ಪ ಮೂರು ದಿನ ಮುಖ ಗಂಟು ಹಾಕಿಕೊಂಡಿದ್ದರು. "ಬಿಎಸ್ಸಿ ಓದ್ಸಿದ್ದು ಕಂಡೋರ ಕಫ, ಉಚ್ಚೆ ನೋಡಕ್ಕೇನೇ?" ಎಂದರು. ನೋಡುವುದು ಹಾಗಿರಲಿ, ಮೊದಲ ವರ್ಷವಿಡೀ ನನಗೆ ಅದನ್ನು ನೋಡುವ ಭಾಗ್ಯವೇ ಸಿಗಲಿಲ್ಲ. ಬರೀ ಅಡುಗೆ. ಹೌದು, ಬ್ಯಾಕ್ಟೀರಿಯ ಪರೀಕ್ಷೆ ಎಂದರೆ ಮುಕ್ಕಾಲು ಪಾಲು ಅಡುಗೆಯೇ. ರೋಗಿಯ ಗಂಟಲಿನಿಂದ ಹತ್ತಿಯ ಕಡ್ಡಿಯಲ್ಲಿ ತೆಗೆದ ಮಾದರಿಯಲ್ಲಿ ಕಣ್ಣಿಗೆ ಕಾಣದಷ್ಟು ಕ್ರಿಮಿ ಇರುತ್ತವೆ. ಅವಕ್ಕೆ ಊಟ ಹಾಕಿ, ಬೆಚ್ಚಗಿಟ್ಟು, ಸಂತಾನ ಬೆಳೆಸಿದರೆ ತಾನೆ ಯಾವ ಜಾತಿಯದು ಎಂದು ಗೊತ್ತಾಗುವುದು? ಆ ಊಟವನ್ನು ನಾವು ಮೀಡಿಯ ಎನ್ನುತ್ತಿದ್ದೆವು. ಈಗ ಅದು ಡಬ್ಬಿಯಲ್ಲಿ ಸಿದ್ಧವಾಗಿ ಬರುತ್ತದೆ, ನೀರು ಬೆರೆಸಿ ಕುದಿಸಿದರೆ ಮುಗಿಯಿತು. ನಮಗೂ ಸ್ವಲ್ಪ ಕಾಲ ಪುಡಿ ಬರುತ್ತಿತ್ತು. ಆಮೇಲೆ ಅದೇನು ಕೊರತೆಯೋ, ನಿಂತುಹೋಯಿತು. ಬೆಂಗಳೂರಿಗೆ ಬರೆದರೆ 'ಸ್ಥಳೀಯವಾಗಿ ತಯಾರಿಸಿಕೊಳ್ಳತಕ್ಕದ್ದು' ಎಂದು ಉತ್ತರ ಬಂತು.

ಸ್ಥಳೀಯವಾಗಿ ಎಂದರೆ ಮಾಂಸ ತಂದು ಬೇಯಿಸಿ ಸಾರು ತೆಗೆಯಬೇಕು. ಅಲ್ಲಿಗೆ ಬಂತು ನೋಡಿ ಪೀಕಲಾಟ. ನಮ್ಮ ಲ್ಯಾಬಿನಲ್ಲಿ ಇದ್ದವರು ನಾಲ್ಕೈದು ಮಂದಿ, ಮನೆಯಲ್ಲಿ ಮಾಂಸ ಕಂಡವರು ಒಬ್ಬರೂ ಇಲ್ಲ. ನಮ್ಮ ಮೇಲಿನವರು ಡಾಕ್ಟರ್ ಚನ್ನಬಸಪ್ಪನವರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡೇ ಮೈಕ್ರೋಸ್ಕೋಪಿನ ಮುಂದೆ ಕೂರುತ್ತಿದ್ದ ಮನುಷ್ಯ. ಅಟೆಂಡರ್ ಗಂಗಣ್ಣ ಹಾಗಲವಾಡಿ ಕಡೆಯವನು, ಅವನೂ ಲಿಂಗ ಕಟ್ಟಿದವನು. ನನ್ನ ಅಪ್ಪನ ವಯಸ್ಸಿಗೆ ಹತ್ತಿರದವನು, ಆದರೂ ನನ್ನನ್ನು 'ಅಮ್ಮಾವ್ರೆ' ಎಂದೇ ಕರೆಯುತ್ತಿದ್ದ. ಮಾಂಸ ಬೇಯಿಸಬೇಕು ಎಂದಾಗ ಅವನು ಒಂದು ದಿನ ಸಮಯ ಕೇಳಿದ. ಮಾರನೆಯ ದಿನ ಬಂದು ಡಾಕ್ಟರ ಮುಂದೆ ನಿಂತ.

"ಸಾ, ನೌಕ್ರಿ ಅಂದ್ಮೇಲೆ ಮಾಡ್ತೀನಿ. ಆದ್ರೆ ಒಳಗಡೆ ಬ್ಯಾಡ. ಆ ಬಿಳೀ ಪಿಂಗಾಣಿ ಪಾತ್ರೆಲೂ ಬ್ಯಾಡ. ಅದ್ರಲ್ಲಿ ನಮ್ಮೆಲ್ರಿಗೂ ಹಾಲು ಕಾಯ್ಸ್ತೀನಿ, ಆಯುಧಪೂಜೇಲಿ ಅದ್ಕೆ ಕುಂಕುಮ ಇಡ್ತೀವಿ."

"ಮತ್ಯಾವುದ್ರಲ್ಲಿ ಬೇಯಿಸ್ತೀಯಪ್ಪಾ?" ಎಂದರು ಡಾಕ್ಟರು.

"ಬೇರೆ ಪಾತ್ರೆ ನಾನೇ ತರ್ತೀನಿ ಬುಡಿ. ಹಿತ್ಲಲ್ಲಿ ಒಲೆ ಹೂಡ್ತೀನಿ."

ಡಾಕ್ಟರ ಮುಖದಲ್ಲಿ ಎಂಥ ನಿರಾಳ! ಅವರಿಗೂ ಒಳಗೆ ಆ ವಾಸನೆ ಬೇಡವಾಗಿತ್ತು, ನನಗೂ ಬೇಡವಾಗಿತ್ತು. ಗಂಗಣ್ಣ ಊರಿಂದ ಒಂದು ಹಳೆಯ ಕಬ್ಬಿಣದ ಬಾಣಲೆ ಹೊತ್ತು ತಂದ. ಹಿತ್ತಿಲ ಹೊಂಗೆಮರದ ಕೆಳಗೆ ಮೂರು ಕಲ್ಲಿಟ್ಟ. ಕಸಾಯಿ ಅಂಗಡಿಯ ಸಾಬರು ಮಾಂಸವನ್ನು ಕೊಚ್ಚಿ, ಕಾಗದದಲ್ಲಿ ಸುತ್ತಿ ತಂದು ಬಾಣಲೆಗೆ ಸುರಿದು ಹೋಗುತ್ತಿದ್ದರು. ಗಂಗಣ್ಣ ಕೊರಳಿನ ಲಿಂಗದ ಕರಡಿಗೆಯನ್ನು ಅಂಗಿಯೊಳಗೆ ಸರಿಸಿ, ಟವೆಲನ್ನು ಮೂಗಿಗೆ ಕಟ್ಟಿ, ಉದ್ದನೆಯ ಕೋಲಿನಿಂದ ಕಲಕುತ್ತಿದ್ದ. ಸಾರು ಸೋಸಿ ಒಳಗೆ ತಂದಿಟ್ಟು ನಲ್ಲಿಯ ಕೆಳಗೆ ಸ್ನಾನ ಮಾಡುತ್ತಿದ್ದ. ಚಳಿಗಾಲದಲ್ಲೂ ತಣ್ಣೀರು. ಆಮೇಲೆ ಒಳಗೆ ಬಂದು ನಮಗೆ ಹಾಲು ಕಾಯಿಸುತ್ತಿದ್ದ. ನಮ್ಮ ಮಡಿ ಉಳಿಯಿತು, ಸರ್ಕಾರದ ಕೆಲಸವೂ ನಡೆಯಿತು ಎಂದು ನಾವೆಲ್ಲ ಹಿಗ್ಗಿದ್ದೇ ಹಿಗ್ಗಿದ್ದು.

ದಿನ ಕಳೆದ ಹಾಗೆ ಗಂಗಣ್ಣನಿಗೆ ಆ ಕೆಲಸದಲ್ಲಿ ಒಂದು ಹೆಮ್ಮೆಯೂ ಬಂತು. ಇನ್‌ಕ್ಯುಬೇಟರಿನ ಬಾಗಿಲು ತೆಗೆದು ಪ್ಲೇಟುಗಳಲ್ಲಿ ದಟ್ಟವಾಗಿ ಬೆಳೆದ ಬ್ಯಾಕ್ಟೀರಿಯ ಕಂಡರೆ "ಹೆಂಗ್ ತಿಂದವ್ರೆ ನೋಡಿ ಅಮ್ಮಾವ್ರೆ, ನನ್ನ ಅಡುಗೆ!" ಎನ್ನುತ್ತಿದ್ದ. ನಿಜವಾಗಿಯೂ ಚೆನ್ನಾಗಿ ಬೆಳೆಯುತ್ತಿದ್ದವು. ಪುಡಿಯ ಕಾಲಕ್ಕಿಂತ ಸೊಂಪಾಗಿ.

ಅಡುಗೆಗೆ ಇನ್ನೊಂದು ಸಾಮಾನು ಬೇಕಿತ್ತು, ಕುದುರೆ ರಕ್ತ. ಅದರ ತಿಳಿನೀರನ್ನು, ಎಂದರೆ ಸೀರಮ್ಮನ್ನು, ಮೀಡಿಯಕ್ಕೆ ಸೇರಿಸುತ್ತಿದ್ದೆವು. ಕುದುರೆಗೆ ಕುಣಿಗಲ್ಲಿಗಿಂತ ಬೇರೆ ಊರು ಬೇಕೆ? ಅಲ್ಲಿನ ಕುದುರೆ ಫಾರಂನಲ್ಲಿ ಪರಿಚಯದ ಪಶುವೈದ್ಯರೊಬ್ಬರು ಗಾಜಿನ ಮಣಿ ಹಾಕಿದ ಬಾಟಲಿಯಲ್ಲಿ ಹೆಪ್ಪುಗಟ್ಟದ ಹಾಗೆ ಅಲ್ಲಾಡಿಸಿ ತುಂಬಿಕೊಡುತ್ತಿದ್ದರು. ನಾನು ಅದನ್ನು ಬ್ಯಾಗಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ತುಮಕೂರಿಗೆ ಬರಬೇಕು. ಒಮ್ಮೆ ಕಂಡಕ್ಟರ್ ಲಗೇಜ್ ಎಂದು ರಗಳೆ ತೆಗೆದ. "ಏನಮ್ಮಾ ಅದು, ಕಾಕಂಬಿನಾ?" ಎಂದ. "ಕುದುರೆ ರಕ್ತ ಕಣಪ್ಪ" ಎಂದೆ. ಪಕ್ಕದಲ್ಲಿದ್ದ ಹೆಂಗಸು ಮಗುವನ್ನು ಎತ್ತಿಕೊಂಡು ಹಿಂದಕ್ಕೆ ಹೋದಳು, ನನಗೆ ಸೀಟಿನಲ್ಲಿ ಆರಾಮಾಗಿ ಕಾಲು ಚಾಚುವಷ್ಟು ಜಾಗ ಸಿಕ್ಕಿತು. ಆ ಕಾಲದಲ್ಲಿ ನಾವು ನಗುತ್ತಿದ್ದುದೂ ಉಂಟು.

ಈಗ ಗಂಟಲುಮಾರಿಯ ವಿಷಯ. ಇಂದಿನ ಹುಡುಗಿಯರು ಪುಸ್ತಕದಲ್ಲಿ ಡಿಫ್ತೀರಿಯ ಎಂದು ಓದಿರುತ್ತಾರೆ, ಕಣ್ಣಾರೆ ಕಂಡಿರಲಾರರು. ಮಕ್ಕಳ ಗಂಟಲಲ್ಲಿ ಬೂದು ಬಣ್ಣದ ಪೊರೆ ಕಟ್ಟುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ. ಆದರೆ ಪೊರೆಗಿಂತ ದೊಡ್ಡ ಶತ್ರು ಆ ಬ್ಯಾಕ್ಟೀರಿಯ ಬಿಡುವ ವಿಷ. ಗಂಟಲಲ್ಲಿ ಕೂತ ಕ್ರಿಮಿ ಅಲ್ಲೇ ಇರುತ್ತದೆ, ವಿಷ ಮಾತ್ರ ರಕ್ತದಲ್ಲಿ ಹೋಗಿ ಹೃದಯವನ್ನು ಹಿಡಿಯುತ್ತದೆ. ಪೆನ್ಸಿಲಿನ್ ಕೊಟ್ಟರೆ ಕ್ರಿಮಿ ಸಾಯುತ್ತದೆ, ಆದರೆ ಆಗಲೇ ಬಿಟ್ಟ ವಿಷಕ್ಕೆ ಬೇರೆ ಮದ್ದು ಬೇಕು. ಅದು ವಿಷ ಕಟ್ಟಿಹಾಕುವ ಸೀರಮ್, ನಾವು ಮೀಡಿಯಕ್ಕೆ ಹಾಕುತ್ತಿದ್ದ ಬರೀ ಕುದುರೆ ಸೀರಮ್ ಅಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಆ ಸೀರಮ್ ಬೆರಳೆಣಿಕೆಯಷ್ಟು ಸೀಸೆ ಇರುತ್ತಿತ್ತು. ಈ ಜಾತಿಯ ಎಲ್ಲ ಬ್ಯಾಕ್ಟೀರಿಯಕ್ಕೂ ವಿಷ ಮಾಡುವ ಶಕ್ತಿ ಇರುವುದಿಲ್ಲ. ಹಾಗಾಗಿ 'ಇದು ವಿಷದ್ದೋ, ಸಾಧುವೋ' ಎಂದು ಹೇಳುವುದೇ ನಮ್ಮ ಲ್ಯಾಬಿನ ಕೆಲಸ.

ಮೊದಲು ಅದನ್ನು ಗಿನಿಪಿಗ್‌ಗಳಲ್ಲಿ ನೋಡುತ್ತಿದ್ದರು. ಎರಡು ಪ್ರಾಣಿಗೆ ಬ್ಯಾಕ್ಟೀರಿಯ ಚುಚ್ಚುವುದು, ಒಂದಕ್ಕೆ ಮಾತ್ರ ಮೊದಲೇ ಸೀರಮ್ ಕೊಟ್ಟಿರುವುದು. ಸೀರಮ್ ಇಲ್ಲದ್ದು ಸತ್ತು, ಇದ್ದದ್ದು ಬದುಕಿದರೆ ವಿಷ ಇದೆ ಎಂದು ಅರ್ಥ. ಡಾಕ್ಟರ್ ಚನ್ನಬಸಪ್ಪನವರಿಗೆ ಆ ಕೊಲೆ ಆಗುತ್ತಿರಲಿಲ್ಲ. ಅವರು ಹೊಸದಾಗಿ ಬಂದಿದ್ದ ಪ್ಲೇಟಿನ ವಿಧಾನವನ್ನು ಕಲಿತು ಬಂದು ನನಗೂ ಕಲಿಸಿದರು. ಆ ವಿಷ ಕಟ್ಟಿಹಾಕುವ ಸೀರಮ್ಮಿನಲ್ಲಿ ನೆನೆಸಿದ ಕಾಗದದ ಪಟ್ಟಿಯನ್ನು ಮೀಡಿಯದೊಳಗೆ ಇಡುವುದು, ಅದಕ್ಕೆ ಅಡ್ಡಲಾಗಿ ಬ್ಯಾಕ್ಟೀರಿಯದ ಗೆರೆ ಎಳೆಯುವುದು. ವಿಷ ಬಿಟ್ಟರೆ ಅದು ಸೀರಮ್ ಜೊತೆ ಸಂಧಿಸಿದ ಕಡೆ ಕೂದಲೆಳೆಯಷ್ಟು ಬಿಳಿ ಗೆರೆ ಮೂಡುತ್ತದೆ. ಗೆರೆ ಬಂದರೆ ವಿಷ, ಬಾರದಿದ್ದರೆ ಸಾಧು. ಹಿತ್ತಿಲ ಗೂಡಿನಲ್ಲಿದ್ದ ಗಿನಿಪಿಗ್‌ಗಳು ಗಂಗಣ್ಣ ಹಾಕುವ ಕ್ಯಾರೆಟ್ ತಿಂದುಕೊಂಡು ಸುಮ್ಮನೆ ಬದುಕಿದವು.

ಡಾಕ್ಟರು ಒಂದು ಮಾತನ್ನು ನನ್ನ ತಲೆಗೆ ಬಡಿದು ಬಡಿದು ಹಾಕಿದ್ದರು. ಪ್ರತಿ ಪ್ಲೇಟಿನಲ್ಲೂ ಖಂಡಿತ ವಿಷ ಬಿಡುತ್ತದೆ ಎಂದು ಗೊತ್ತಿರುವ ಒಂದು ತಳಿಯ ಗೆರೆಯನ್ನೂ ಎಳೆಯಬೇಕು. ಅವರು ಅದನ್ನು 'ಸಾಕ್ಷಿ' ಎನ್ನುತ್ತಿದ್ದರು. ಸಾಕ್ಷಿಗೇ ಗೆರೆ ಬರದಿದ್ದರೆ ತಪ್ಪು ನಮ್ಮದು, ಪ್ಲೇಟು ಬಿಸಾಡು ಎಂದು. ಮಕ್ಕಳೇ, ಇದನ್ನು ನೀವು ಕಂಟ್ರೋಲ್ ಎನ್ನುತ್ತೀರಿ. ಹೆಸರು ಏನಾದರೂ ಇರಲಿ, ಅದನ್ನು ಬಿಡಬೇಡಿ.

ನಾವು ಬಿಟ್ಟೆವು. ಬಾಣಲೆ ಬಂದ ಮೇಲೆ ಈ ವಿಷದ ಪರೀಕ್ಷೆಗೆ ಇನ್ನೂ ಕೆಲಸವೇ ಬಿದ್ದಿರಲಿಲ್ಲ, ಆ ಬೇಸಿಗೆಯಲ್ಲಿ ಫ್ರಿಜ್ ಕೆಟ್ಟು ಸಾಕ್ಷಿ ತಳಿ ಸತ್ತುಹೋಯಿತು. ಬೆಂಗಳೂರಿಗೆ ಬರೆದೆವು, ಜ್ಞಾಪನ ಕಳಿಸಿದೆವು, ಬರಲಿಲ್ಲ. ಅಷ್ಟರಲ್ಲಿ ಗುಬ್ಬಿ ಕಡೆಯಿಂದ ಗಂಟಲಿನ ಮಾದರಿಗಳು ಬರತೊಡಗಿದವು. ಅಲ್ಲಿ ಆಸ್ಪತ್ರೆಯಲ್ಲಿದ್ದವರು ಹೊಸದಾಗಿ ಸೇರಿದ್ದ ಡಾಕ್ಟರ್ ವಸಂತ, ಕಾಳಜಿಯ ಹುಡುಗ. "ಸಾರ್, ವಿಷ ಇದ್ಯೋ ಇಲ್ವೋ ಬೇಗ ಹೇಳಿ, ನನ್ನ ಹತ್ರ ಸೀರಮ್ ಕಮ್ಮಿ ಇದೆ" ಎಂದು ಫೋನಿನಲ್ಲಿ ಅಂಗಲಾಚುತ್ತಿದ್ದರು. ಚನ್ನಬಸಪ್ಪನವರು ಒಂದು ದಿನ ಯೋಚಿಸಿ, "ಸಾಕ್ಷಿ ಬರೋ ತನಕ ಕಾಯೋಕಾಗಲ್ಲ ಸರೋಜಾ, ಮಾಡು" ಎಂದರು. ಮಾಡಿದೆ. ಬ್ಯಾಕ್ಟೀರಿಯ ಗಂಟಲುಮಾರಿಯದೇ, ಅದರಲ್ಲಿ ಅನುಮಾನ ಇರಲಿಲ್ಲ. ಆದರೆ ಒಂದಕ್ಕೂ ಬಿಳಿ ಗೆರೆ ಬರಲಿಲ್ಲ. ವಿಷವಿಲ್ಲ ಎಂದು ಬರೆದು ಕಳಿಸಿದೆವು. ಡಾಕ್ಟರ್ ವಸಂತ ಪೆನ್ಸಿಲಿನ್ ಕೊಟ್ಟರು. ಮಕ್ಕಳು ಚೇತರಿಸಿಕೊಂಡರು. ಗುಬ್ಬಿಯಲ್ಲಿ ಈ ಸಲ ಬಂದಿರುವುದು ಸಾಧು ತಳಿ ಎಂದು ಎಲ್ಲರಿಗೂ ಧೈರ್ಯ ಬಂತು.

ಆಗ ಮಂಗಳನ ಮಾದರಿ ಬಂತು. ಗಂಗಣ್ಣನ ಮಗಳು ಪಾರ್ವತಿಯನ್ನು ಗುಬ್ಬಿಗೇ ಕೊಟ್ಟಿದ್ದರು. ಅವಳ ಮೊದಲ ಮಗಳು ಮಂಗಳ, ಇನ್ನೂ ಶಾಲೆಗೆ ಸೇರಿರಲಿಲ್ಲ. ಒಂದೆರಡು ಸಲ ಅಜ್ಜನ ಹೆಗಲ ಮೇಲೆ ಕೂತು ಲ್ಯಾಬಿಗೆ ಬಂದಿದ್ದಳು, ಗಿನಿಪಿಗ್‌ಗಳಿಗೆ 'ಬಾಲ ಇಲ್ದಿರೋ ಇಲಿ' ಎಂದು ಹೆಸರಿಟ್ಟವಳು ಅವಳೇ. ಜ್ವರ, ಗಂಟಲಲ್ಲಿ ಪೊರೆ. ಡಾಕ್ಟರ್ ವಸಂತ ತೆಗೆದುಕೊಟ್ಟ ಮಾದರಿಯನ್ನು ಗಂಗಣ್ಣನೇ ಬಸ್ಸಿನಲ್ಲಿ ತುಮಕೂರಿಗೆ ತಂದ. ಬಂದವನೇ ನನ್ನ ಕೈಗೆ ಕೊಟ್ಟು ನೇರ ಹಿತ್ತಿಲಿಗೆ ಹೋದ.

"ಮೀಡಿಯ ಇದೆ ಗಂಗಣ್ಣ, ಮೊನ್ನೆ ಮಾಡಿದ್ದೇ ಸಾಕು" ಎಂದೆ.

"ಬ್ಯಾಡ ಅಮ್ಮಾವ್ರೆ. ನನ್ ಮೊಮ್ಮಗೀದು. ಹಳೇದ್ರಲ್ಲಿ ಬ್ಯಾಡ. ಹೊಸದಾಗಿ ಮಾಡ್ಕೊಡ್ತೀನಿ, ಒಂಚೂರು ಹೆಚ್ಚಿಗೇನೇ ಕುದುಸ್ತೀನಿ. ಪರೀಕ್ಷೇಲಿ ಏನೂ ತಪ್ಪಾಗ್ಬಾರ್ದು ಕಣ್ರವ್ವ."

ಮಧ್ಯಾಹ್ನದ ಊಟ ಬಿಟ್ಟು ಅವನು ಆ ಬಾಣಲೆಯ ಮುಂದೆ ಕೂತಿದ್ದ. ಹೊಗೆಗೋ ಏನಕ್ಕೋ ಕಣ್ಣು ಕೆಂಪಾಗಿತ್ತು. ಆ ಸಾರಿನಿಂದಲೇ ಪ್ಲೇಟು ಸುರಿದೆ, ಮಂಗಳನ ಗಂಟಲಿನ ಬ್ಯಾಕ್ಟೀರಿಯದ ಗೆರೆ ಎಳೆದೆ. ಬ್ಯಾಕ್ಟೀರಿಯ ಸೊಂಪಾಗಿ ಬೆಳೆಯಿತು. ಬಿಳಿ ಗೆರೆ ಬರಲಿಲ್ಲ. ಡಾಕ್ಟರು ಪ್ಲೇಟನ್ನು ಬೆಳಕಿಗೆ ಹಿಡಿದು, ತಿರುಗಿಸಿ, ಭೂತಗನ್ನಡಿಯಲ್ಲಿ ನೋಡಿ, ಗಂಗಣ್ಣನ ಬೆನ್ನು ತಟ್ಟಿದರು. "ಏನಿಲ್ಲ ಕಣೋ, ವಿಷ ಇಲ್ಲ." ಗಂಗಣ್ಣ ಅವರ ಕಾಲು ಮುಟ್ಟಲು ಬಗ್ಗಿದ. ಆವತ್ತು ನಾವೆಲ್ಲ ಸಂತೋಷಪಟ್ಟೆವು.

ಗುಬ್ಬಿಗೆ ಫೋನು ಮಾಡಿ ತಿಳಿಸಿದೆವು. ಡಾಕ್ಟರ್ ವಸಂತ ಉಳಿದಿದ್ದ ಸೀರಮ್ಮನ್ನು ಮುಟ್ಟಲಿಲ್ಲ. ಪೆನ್ಸಿಲಿನ್ನಿಗೆ ಪೊರೆ ಕರಗಿತು, ಜ್ವರ ಇಳಿಯಿತು, ಮಂಗಳ ಮನೆಗೆ ಹೋದಳು. ಗಂಗಣ್ಣ ಲ್ಯಾಬಿಗೆಲ್ಲ ಮಂಡಕ್ಕಿ ಬೆಲ್ಲ ಹಂಚಿದ. ಅದಾಗಿ ಕೆಲವು ದಿನಕ್ಕೆ ಮಗು ಬೆಳಿಗ್ಗೆ ಎದ್ದು, ಬಚ್ಚಲಿಗೆ ಹೋಗಿ ಬರುವಾಗ ಹೊಸಿಲ ಹತ್ತಿರ ಕುಸಿದು ಬಿದ್ದಿತು. ಆಸ್ಪತ್ರೆಗೆ ಎತ್ತಿಕೊಂಡು ಓಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸುದ್ದಿ ಬಂದಾಗ ನಾನು ಅತ್ತೆ. ಡಾಕ್ಟರು ಅಳಲಿಲ್ಲ. ಮಂಗಳನ ವರದಿಯ ಪ್ರತಿ ತೆಗೆದು ಓದಿದರು. ಆಮೇಲೆ, "ಗಂಟಲು ವಾಸಿಯಾದ ಮೇಲೆ ಹೃದಯ ನಿಂತಿದೆ ಸರೋಜಾ. ವಿಷ ಇಲ್ಲದ ಕ್ರಿಮಿ ಹೃದಯ ನಿಲ್ಸಲ್ಲ" ಎಂದರು. ಎದ್ದು ಹೋಗಿ ತಾವೇ ಗೂಡಿನಿಂದ ಎರಡು ಗಿನಿಪಿಗ್ ತಂದರು. ಮಂಗಳನ ಗಂಟಲಿನ ಬ್ಯಾಕ್ಟೀರಿಯ ನಮ್ಮಲ್ಲಿ ಇನ್ನೂ ಜೀವಂತ ಇತ್ತು. ಅದನ್ನು ಎರಡಕ್ಕೂ ಚುಚ್ಚಿದರು, ಒಂದಕ್ಕೆ ಮೊದಲು ಸೀರಮ್ ಕೊಟ್ಟು. ಸೀರಮ್ ಇಲ್ಲದ್ದು ಸತ್ತಿತು. ಇನ್ನೊಂದು ಹುಲ್ಲು ತಿನ್ನುತ್ತಾ ಓಡಾಡುತ್ತಿತ್ತು.

ಎಂದರೆ ಬ್ಯಾಕ್ಟೀರಿಯಕ್ಕೆ ವಿಷವಿದೆ. ಪ್ರಾಣಿಯ ಮೈಯಲ್ಲಿ ಬಿಡುತ್ತದೆ, ನಮ್ಮ ಪ್ಲೇಟಿನಲ್ಲಿ ಬಿಡುವುದಿಲ್ಲ. ಯಾಕೆ? ಡಾಕ್ಟರು ಬೀರುವಿನಲ್ಲಿದ್ದ ಹಳೆಯ ಪುಸ್ತಕಗಳನ್ನೆಲ್ಲ ಮೇಜಿನ ಮೇಲೆ ಹರಡಿದರು. ಮೊದಲು ಅದನ್ನೇ ಕೊನೆಯ ತನಕ ಓದಿದ್ದರೆ ಆಗುತ್ತಿತ್ತು ಎಂದು ಗೊಣಗುತ್ತಾ ಓದಿದರು. ಒಂದು ಕಡೆ ಬೆರಳಿಟ್ಟು ನನ್ನನ್ನು ಕರೆದರು. ಗಂಟಲುಮಾರಿಯ ವಿಷವನ್ನು ಲಸಿಕೆಗಾಗಿ ತಯಾರಿಸುವವರು ಸಾರಿನಲ್ಲಿ ಕಬ್ಬಿಣದ ಅಂಶ ಚೂರೂ ಹೆಚ್ಚಾಗದಂತೆ ನೋಡಿಕೊಳ್ಳುತ್ತಾರೆ, ಕಬ್ಬಿಣ ಹೆಚ್ಚಾದರೆ ಬ್ಯಾಕ್ಟೀರಿಯ ಪುಷ್ಕಳವಾಗಿ ಬೆಳೆಯುತ್ತದೆ, ವಿಷ ಮಾತ್ರ ಮಾಡುವುದಿಲ್ಲ ಎಂದು ಅಲ್ಲಿತ್ತು.

ನಾವಿಬ್ಬರೂ ಒಟ್ಟಿಗೇ ಕಿಟಕಿಯ ಕಡೆ ನೋಡಿದೆವು. ಹೊರಗೆ ಹೊಂಗೆಮರದ ಕೆಳಗೆ ಬಾಣಲೆ ಬೋರಲು ಹಾಕಿತ್ತು.

ಡಾಕ್ಟರು ಒಂದು ಟೆಸ್ಟ್ ಟ್ಯೂಬಿಗೆ ಉಳಿದಿದ್ದ ಸಾರು ಹಾಕಿದರು. ಸ್ವಲ್ಪ ಆಸಿಡ್, ಮೇಲೆ ಪೊಟ್ಯಾಸಿಯಮ್ ಫೆರೊಸೈನೈಡ್‌ನ ಕೆಲವು ಹನಿ. ಕಬ್ಬಿಣ ಇದ್ದರೆ ನೀಲಿಯಾಗುತ್ತದೆ. ಹಳದಿ ಸಾರು ಹಸಿರಾಯಿತು, ನೋಡನೋಡುತ್ತಿದ್ದಂತೆ ನೀಲಿಯಾಯಿತು. ಅಷ್ಟರಲ್ಲಿ ಗಂಗಣ್ಣ ನೆಲ ಒರೆಸುವ ಬಟ್ಟೆ ಹಿಡಿದುಕೊಂಡು ಒಳಗೆ ಬಂದ. ಮೊಮ್ಮಗಳ ಮಣ್ಣು ಮುಗಿಸಿ ಆ ವಾರವಷ್ಟೇ ಕೆಲಸಕ್ಕೆ ಬಂದಿದ್ದ.

"ಏನ್ ಸಾ, ಸಾರು ನೀಲಿ ಆಗೈತಲ್ಲ?"

"ಏನಿಲ್ಲ ಗಂಗಣ್ಣ" ಎಂದರು ಡಾಕ್ಟರು. ಟ್ಯೂಬನ್ನು ಸಿಂಕಿಗೆ ಸುರಿದು ನಲ್ಲಿ ಬಿಟ್ಟರು.

ಆಮೇಲಿನ ಕೆಲಸ ಬೇಗ ಬೇಗ ನಡೆಯಿತು. ಡಾಕ್ಟರು ಮೊದಲು ಗುಬ್ಬಿಗೆ ಫೋನು ಮಾಡಿ, "ನಮ್ಮ ವರದಿಗಳೆಲ್ಲ ತಪ್ಪು, ಪೊರೆ ಕಂಡ ತಕ್ಷಣ ಸೀರಮ್ ಕೊಡಿ, ನಮ್ಮನ್ನ ಕಾಯ್ಬೇಡಿ" ಎಂದರು. ಆಮೇಲೆ ಬಂದ ಮಕ್ಕಳಿಗೆ ಸೀರಮ್ ಸಿಕ್ಕಿತು, ಬದುಕಿಕೊಂಡರು. ನಾವು ಸಾರಿಗೆ ಕ್ಯಾಲ್ಸಿಯಮ್ ಉಪ್ಪು ಹಾಕಿ, ಕ್ಷಾರ ಮಾಡಿ, ಕುದಿಸುವುದನ್ನು ಕಲಿತೆವು. ಹಾಗೆ ಮಾಡಿದರೆ ಬಿಳಿ ಗಷ್ಟು ತಳಕ್ಕೆ ಕೂರುತ್ತದೆ, ಕೂರುವಾಗ ಕಬ್ಬಿಣವನ್ನೂ ಎಳೆದುಕೊಳ್ಳುತ್ತದೆ. ತಿಳಿಯನ್ನು ಸೋಸಿ ಮೀಡಿಯ ಮಾಡಿದೆ. ಗುಬ್ಬಿಯಿಂದ ಬಂದಿದ್ದ ತಳಿಗಳನ್ನೆಲ್ಲ ಮತ್ತೆ ಗೆರೆ ಎಳೆದೆ. ಈ ಸಲ ಎಲ್ಲಕ್ಕೂ ಬಿಳಿ ಗೆರೆ ಬಂತು. ಮಂಗಳನದಕ್ಕೂ ಬಂತು, ಎಲ್ಲಕ್ಕಿಂತ ಸ್ಪಷ್ಟವಾಗಿ. ಒಂದು ತಿಂಗಳು ಮೊದಲು ಬಂದಿದ್ದರೆ ಆ ಮಗುವಿಗೆ ಸೀರಮ್ ಸಿಗುತ್ತಿತ್ತು. ಸಿಕ್ಕಿದ್ದರೆ ಉಳಿಯುತ್ತಿತ್ತೋ ಏನೋ, ಅದನ್ನು ಖಚಿತವಾಗಿ ಹೇಳುವ ಪರೀಕ್ಷೆ ಯಾವುದೂ ಇಲ್ಲ.

ಬಾಣಲೆಯದೇ ದೊಡ್ಡ ತಲೆನೋವಾಯಿತು. ಡಾಕ್ಟರು ತಮ್ಮ ಜೇಬಿನಿಂದ ದುಡ್ಡು ಕೊಟ್ಟು ಹೊಸ ಪಿಂಗಾಣಿ ಪಾತ್ರೆ ತರಿಸಿದರು. "ಗಂಗಣ್ಣ, ಇನ್ಮೇಲೆ ಮಾಂಸಕ್ಕೆ ಅಂತಲೇ ಇದು. ಬಾಣಲೆ ಬೇಡ."

"ಯಾಕ್ ಸಾ, ಅದ್ಕೇನಾಗೈತೆ?"

"ತುಕ್ಕು ಬರ್ತದೆ ಕಣೋ."

ಮಾರನೆಯ ಬೆಳಿಗ್ಗೆ ಗಂಗಣ್ಣ ಬಾಣಲೆಯನ್ನು ಹೊತ್ತುಕೊಂಡು ಡಾಕ್ಟರ ಕೋಣೆಯ ಬಾಗಿಲಿಗೆ ಬಂದ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದ್ದ. "ನೋಡಿ ಸಾ, ಎಲ್ಲೈತೆ ತುಕ್ಕು? ನಮ್ಮಪ್ಪನ ಕಾಲದ್ದು. ನನ್ ಕೈಲಿ ಯಾವತ್ತಾರ ಗಲೀಜು ಮಾಡಿದೀನಾ?" ಎಂದ. ತನ್ನ ಕೆಲಸವನ್ನು ಹಳಿದರು ಎಂದು ಅವನಿಗೆ ನೋವಾಗಿತ್ತು. ಡಾಕ್ಟರು ಅವನ ಮುಖ ನೋಡಲಾರದೆ, "ಇಲ್ಲಪ್ಪ, ನೀನು ಚೆನ್ನಾಗೇ ಮಾಡ್ತಿದ್ದೆ. ಮೇಲಿನೋರ ಆರ್ಡರು" ಎಂದು ಸುಳ್ಳು ಹೇಳಿದರು. ಮೇಲಿನವರ ಆರ್ಡರು ಎಂದರೆ ಗಂಗಣ್ಣ ಎದುರಾಡುವವನಲ್ಲ. ಬಾಣಲೆ ಊರಿಗೆ ಹೋಯಿತು.

ಅವನು ಆಚೆ ಹೋದ ಮೇಲೆ ಡಾಕ್ಟರು ಕನ್ನಡಕ ತೆಗೆದಿಟ್ಟರು.

"ಇವನಿಗೆ ನಿಜ ಹೇಳ್ಬೇಕಾ ಸರೋಜಾ?"

"ಹೇಳಿದ್ರೆ ಬದುಕ್ತಾನಾ ಸಾರ್?"

"ತಪ್ಪು ನಂದಮ್ಮ. ಸಾಕ್ಷಿ ಇಲ್ದೆ ಪರೀಕ್ಷೆ ಮಾಡ್ಸಿದ್ದು ನಾನು. ಒಳಗೆ ಬೇಯಿಸು ಅಂತ ಹೇಳೋ ಧೈರ್ಯ ಇಲ್ದೆ ಹಿತ್ಲಿಗೆ ಕಳಿಸಿದ್ದೂ ನಾನು. ಆದ್ರೆ ಎಷ್ಟೇ ಹಂಗೆ ಹೇಳಿದ್ರೂ ಅವನ ಕಿವಿಗೆ ಬೀಳೋದು ಬಾಣಲೆ ಒಂದೇ. ನನ್ ಕೈಲಾಗಲ್ಲ. ನೀನು ಹೇಳ್ತೀಯಾ?"

"ಇಲ್ಲ ಸಾರ್" ಎಂದೆ.

ಅಂದಿನಿಂದ ನಮ್ಮಿಬ್ಬರ ಮೇಲೆ ಆ ಭಾರ ಕೂತಿತು. ಗಂಗಣ್ಣನ ಮುಂದೆ ಕಬ್ಬಿಣ ಎಂಬ ಮಾತೇ ಬಾರದ ಹಾಗೆ ನೋಡಿಕೊಂಡೆವು. ಹೊಸದಾಗಿ ಬಂದವರಿಗೆ ಕ್ಯಾಲ್ಸಿಯಮ್ ಹಾಕುವುದನ್ನು ಹೇಳಿಕೊಡುವಾಗ ಅವನನ್ನು ಏನಾದರೂ ನೆಪ ಹೇಳಿ ಪೋಸ್ಟಾಫೀಸಿಗೆ ಕಳಿಸುತ್ತಿದ್ದೆ. ಡಾಕ್ಟರು ವರ್ಗವಾಗಿ ಹೋದರು. ಹೋಗುವ ದಿನ ಗಂಗಣ್ಣನನ್ನು ತಬ್ಬಿಕೊಂಡು ಅತ್ತರು. ಸಾಹೇಬರಿಗೆ ತನ್ನ ಮೇಲೆ ಇಷ್ಟು ಪ್ರೀತಿಯೇ ಎಂದು ಗಂಗಣ್ಣ ಬೆರಗಾಗಿ ವಾರಗಟ್ಟಲೆ ಹೇಳಿಕೊಂಡು ತಿರುಗಿದ.

ಎಂಬತ್ತರ ದಶಕದ ನಡುವೆ ನನ್ನನ್ನು ಬೆಂಗಳೂರಿಗೆ ತರಬೇತಿಗೆ ಕಳಿಸಿದರು. ಅಷ್ಟರಲ್ಲಿ ಕಾಲ ಬದಲಾಗಿತ್ತು, ಎಲ್ಲರ ಬಾಯಲ್ಲೂ ಜೀನು, ಎಂದರೆ ವಂಶವಾಹಿ. ಪಾಠ ಮಾಡಿದ ಮೇಷ್ಟ್ರು ಚಿಕ್ಕ ವಯಸ್ಸಿನವರು, ಚೆನ್ನಾಗಿ ಹೇಳುತ್ತಿದ್ದರು. ಬ್ಯಾಕ್ಟೀರಿಯಕ್ಕೆ ಕಬ್ಬಿಣ ಬೇಕೇ ಬೇಕು. ನಮ್ಮ ಮೈ ಇದನ್ನು ಬಲ್ಲದು. ಅದಕ್ಕೇ ರಕ್ತದಲ್ಲಿ, ಜೊಲ್ಲಿನಲ್ಲಿ, ಕಣ್ಣೀರಿನಲ್ಲಿ ಸಹ ಕಬ್ಬಿಣವನ್ನು ಗಟ್ಟಿಯಾಗಿ ಹಿಡಿದಿಡುವ ಪ್ರೋಟೀನುಗಳಿವೆ, ಬಿಡಿ ಕಬ್ಬಿಣ ಸಿಗುವುದೇ ಇಲ್ಲ. ಬ್ಯಾಕ್ಟೀರಿಯದೊಳಗೆ ಕಾವಲಿನ ಪ್ರೋಟೀನ್ ಒಂದಿದೆ. ಕಬ್ಬಿಣ ಸಾಕಷ್ಟು ಇರುವಾಗ ಅದು ಕಬ್ಬಿಣವನ್ನು ಕಚ್ಚಿಕೊಂಡು, ಕೆಲವು ಜೀನುಗಳ ಬಾಗಿಲಲ್ಲೇ ಬೀಗದ ಹಾಗೆ ಕೂತುಬಿಡುತ್ತದೆ. ಆ ಜೀನುಗಳು ಕೆಲಸ ಮಾಡುವುದಿಲ್ಲ. ಕಬ್ಬಿಣ ಕಡಿಮೆಯಾದರೆ ಕಾವಲಿನವನು ಕೈಬಿಟ್ಟು ಬೀಳುತ್ತಾನೆ, ಜೀನು ತೆರೆದುಕೊಳ್ಳುತ್ತದೆ. ಆಗ ಬ್ಯಾಕ್ಟೀರಿಯ ಕಬ್ಬಿಣ ಹಿಡಿದು ತರುವ ಸಣ್ಣ ಸಣ್ಣ ಅಣುಗಳನ್ನು ಹೊರಗೆ ಕಳಿಸುತ್ತದೆ. ಬೇರೊಂದು ಬ್ಯಾಕ್ಟೀರಿಯದಲ್ಲಿ ಇದು ಆಗಷ್ಟೇ ತಿಳಿದಿತ್ತು. ಗಂಟಲುಮಾರಿಯ ವಿಷದ ಜೀನಿಗೂ ಇಂಥದೇ ಬೀಗ ಇರಬೇಕು ಎಂದು ಮೇಷ್ಟ್ರು ಅಂದಾಜಿನಲ್ಲಿ ಹೇಳಿದರು. ಮುಂದೆ ಅದು ಖಾತ್ರಿಯೂ ಆಯಿತು.

"ಸಿಂಪಲ್ಲಾಗಿ ಹೇಳ್ಬೇಕಂದ್ರೆ, ಹೊಟ್ಟೆ ತುಂಬಿರೋ ಬ್ಯಾಕ್ಟೀರಿಯ ವಿಷ ಮಾಡಲ್ಲ" ಎಂದರು ಮೇಷ್ಟ್ರು. ಕ್ಲಾಸು ನಕ್ಕಿತು.

ನನಗೆ ಕಣ್ಣು ತುಂಬಿ ಬಂತು. ಅದೇ ಬ್ಯಾಕ್ಟೀರಿಯ ಮಂಗಳನ ಗಂಟಲಲ್ಲಿ ಕಬ್ಬಿಣ ಸಿಗದೆ ಬೀಗ ಕಳಚಿ ವಿಷ ಬಿಟ್ಟಿತ್ತು. ನಮ್ಮ ಪ್ಲೇಟಿಗೆ ಬಂದಾಗ ಅವಳಜ್ಜ ಮಾಡಿದ ಅಡುಗೆ ಉಂಡು ಹೊಟ್ಟೆ ತುಂಬಿ ಸುಮ್ಮನಾಗಿತ್ತು. ಸುಳ್ಳು ಹೇಳಿದ್ದು ಯಾರೂ ಅಲ್ಲ. ನಾವು ಕೇಳಿದ ಜಾಗ ಬೇರೆ, ಮಗು ಮಲಗಿದ್ದ ಜಾಗ ಬೇರೆ. ಊಟದ ಹೊತ್ತಿನಲ್ಲಿ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ. ಊರಿಗೆ ವಾಪಸು ಬಂದಾಗ ಗಂಗಣ್ಣ, "ಬೆಂಗ್ಳೂರಲ್ಲಿ ಏನ್ ಕಲ್ತು ಬಂದ್ರಿ ಅಮ್ಮಾವ್ರೆ, ನಮ್ಗೂ ವಸಿ ಹೇಳಿ" ಎಂದ. ಏನೋ ಹೊಸ ಮೆಷಿನ್ನಿನ ವಿಷಯ ಹೇಳಿ ಜಾರಿಕೊಂಡೆ.

ಅವನು ನಿವೃತ್ತನಾಗಿ ಹೆಚ್ಚು ದಿನ ಇರಲಿಲ್ಲ. ಮಲಗಿದಲ್ಲೇ ಹೋದನಂತೆ, ಪುಣ್ಯಾತ್ಮ. ಕೆಲವು ದಿನದ ಮೇಲೆ ಶಿವಗಣಾರಾಧನೆಗೆ ಕರೆಯಲು ಮಗಳು ಪಾರ್ವತಿ ಲ್ಯಾಬಿಗೆ ಬಂದಳು. ಜೊತೆಗೆ ಚಿಕ್ಕ ಮಗ. ಮಂಗಳ ಹೋಗಿ ಎಷ್ಟೋ ವರ್ಷಕ್ಕೆ ಹುಟ್ಟಿದವನು. "ಇವ್ನಿಗೆ ಎಲ್ಲಾ ಇಂಜೆಕ್ಷನ್ನೂ ಹಾಕ್ಸಿದೀನಿ ಅಕ್ಕ, ಒಂದೂ ತಪ್ಪಿಸಿಲ್ಲ" ಎಂದು ತಾನಾಗಿಯೇ ಹೇಳಿದಳು. ಕೂರಲು ಹೇಳಿದರೆ ಕೂರಲಿಲ್ಲ. ಅಪ್ಪ ಕೆಲಸ ಮಾಡುತ್ತಿದ್ದ ಜಾಗ ನೋಡಬೇಕು ಎಂದಳು.

ಹಿತ್ತಿಲಿಗೆ ಕರೆದುಕೊಂಡು ಹೋದೆ. ಪುಡಿಯ ಡಬ್ಬಿಗಳು ಮತ್ತೆ ಬರತೊಡಗಿ ಒಲೆ ಉರಿಯದೆ ವರ್ಷಗಳಾಗಿದ್ದವು, ಹೊಂಗೆ ಎಲೆ ಬಿದ್ದು ನೆಲ ಮುಚ್ಚಿತ್ತು. ಪಾರ್ವತಿ ಅಲ್ಲೇ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹುಡುಗ ಅವಳ ಸೀರೆ ಹಿಡಿದುಕೊಂಡಿದ್ದ.

"ಅಕ್ಕ, ನಮ್ ಮಂಗಳ ಹೋದಾಗ ನಮ್ಮತ್ತೆ ಮನೆ ಕಡೆಯೋರೆಲ್ಲ ಅಂದ್ರು, ಸರ್ಕಾರಿ ಪರೀಕ್ಷೆ ಅಂತ ನಂಬ್ಕೊಂಡು ಮಗೂನ ಕಳ್ಕೊಂಡ್ಳು ಅಂತ. ನಮ್ಮಪ್ಪ ಒಂದೇ ಮಾತು ಅಂದ್ರು. ಬೇರೆ ಯಾರ್ದಾರ ಕೈಲಿ ಆಗಿದ್ರೆ ಅನುಮಾನ ಪಡ್ಬೌದಿತ್ತು ಮಗಾ, ಅವತ್ತು ಪರೀಕ್ಷೆಗೆ ನಾನೇ ಕೈಯಾರೆ ಮಾಡ್ಕೊಟ್ಟಿದೀನಿ, ಊಟನೂ ಮಾಡ್ದೆ ಕೂತು ಕುದ್ಸಿದೀನಿ, ಅದ್ರಲ್ಲಿ ತಪ್ಪಾಗಕ್ಕೆ ಸಾಧ್ಯನೇ ಇಲ್ಲ, ನಮ್ ಹಣೇಲಿ ಇದ್ದಿದ್ದೇ ಅಷ್ಟು ಅಂತ. ಆ ಮಾತೊಂದು ಹಿಡ್ಕೊಂಡು ನಾನು ಇಷ್ಟು ವರ್ಷ ಬದುಕಿದೀನಿ ಅಕ್ಕ. ನಿಜ ತಾನೆ? ಅಪ್ಪನೇ ಮಾಡ್ಕೊಟ್ಟಿದ್ದು ತಾನೆ?"

ನಾನು ಹುಡುಗನ ತಲೆ ಸವರಿದೆ. ಕೂದಲು ಮೆತ್ತಗಿತ್ತು.

"ಹೌದಮ್ಮ" ಎಂದೆ. "ಅವರೇ ಮಾಡ್ಕೊಟ್ಟಿದ್ದು."